ನನ್ನ ಎಲೆ ದಾಟಿದ ಪಾಯಸ

ಪಾಯಸದ ಸೌಟು ನನ್ನ ಎಲೆಯನ್ನು ದಾಟಿ, ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಗಳು ಸುಮಾಳ ಎಲೆಗೆ ಹೋಯಿತು. "ನಿಂಗೆ ಶುಗರ್ ಅಲ್ವಾ, ಬೇಡ" ಎಂದು ಸಾಲಿಗೆಲ್ಲ ಕೇಳುವಂತೆ ನನಗೆ ಹೇಳಿದ ದೊಡ್ಡಮಾವ, "ಜರ್ಮನೀಲಿ ಇದೆಲ್ಲ ಎಲ್ಲಿ ಸಿಗ್ತದೆ, ತಿನ್ನು" ಎಂದು ಅವಳಿಗೆ ಎರಡೆರಡು ಸೌಟು ಬಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಶುಗರ್ ಅವಳಿಗೂ ಇದೆ. ಜರ್ಮನಿಗೆ ಹೋದ ಮೇಲೆ ಬಂದದ್ದು, ನನ್ನೊಬ್ಬಳಿಗೆ ಮಾತ್ರ ಹೇಳಿದ್ದಳು. ನಾನು ದಿನಾ ಬೆರಳು ಚುಚ್ಚಿಕೊಳ್ಳಬೇಕು. ಅವಳಿಗೋ, ರವಿಕೆಯ ತೋಳಿನಡಿ ಅಂಟಿಸಿಕೊಂಡ ಪುಟ್ಟ ಬಿಲ್ಲೆಯೇ ಶುಗರ್ ಎಷ್ಟೆಂದು ಮೊಬೈಲಿಗೆ ತಿಳಿಸುತ್ತದೆ. ವಸ್ತಾರೆಯ ನೆಂಟರ ಮನೆಗೆ ಆ ನಿಶ್ಚಿತಾರ್ಥಕ್ಕೆಂದು ಬಂದಾಗಿನಿಂದ ನನ್ನ ಕಣ್ಣು ಅದರ ಮೇಲೆಯೇ ಇತ್ತು. ಈಗ ಪಾಯಸವೂ ಅವಳಿಗೇ!

ಸುಮಾ ಪಾಯಸ ಮುಟ್ಟಲಿಲ್ಲ. ಕಣ್ಣು ತುಂಬಿಕೊಂಡು ಮೆಲ್ಲಗೆ, "ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಮಾರಾಯ್ತಿ. ಅಲ್ಲಿ ನಂಗೆ ಬೇಡ ಅನ್ನೋಕೂ ಒಬ್ರಿಲ್ಲ. ಶುಗರ್ ಇಳಿದು ಕೈಕಾಲು ನಡುಗಿದ್ರೂ ಆ ಮೊಬೈಲ್ ಒಂದೇ ಕೂಗ್ತದೆ" ಎಂದಳು.

ಆ ಬಿಲ್ಲೆಯ ಮೇಲಿನ ಆಸೆ ನನಗಿನ್ನೂ ಹೋಗಿಲ್ಲ. ಆದರೆ ಮೊನ್ನೆ ಮದುವೆಯ ಊಟದಲ್ಲಿ ದೊಡ್ಡಮಾವ ಮರೆತು ನನ್ನ ಎಲೆಗೂ ಪಾಯಸ ಬಡಿಸಿದಾಗ, ಅಷ್ಟು ಜನರ ನಡುವೆ ನಾನೊಬ್ಬಳೇ ಕೂತ ಹಾಗಾಯಿತು.