ಖಂಡಿತ ಎನ್ನದ ಚಿಗವ್ವ

ಮೊನ್ನೆ ಬಸುರಿ ಮೊಮ್ಮಗಳ ಜೊತೆ ಪಿ.ಜೆ. ಬಡಾವಣೆಯ ದವಾಖಾನೆಗೆ ಹೋಗಿದ್ದೆ. ನರ್ಸು ಹುಡುಗಿ ತಲೆ ಎತ್ತದೆಯೇ, ‘ಸಂಬಂಧದಾಗೆ ಮದುವೆ ಆಗೀರೇನ್ರಿ?’ ಎಂದು ಕೇಳಿದಳು. ಮೊಮ್ಮಗಳು ‘ಇಲ್ರಿ’ ಅಂದಳು. ಅಷ್ಟೇ. ಯಾರಿಗೂ ಸಿಟ್ಟು ಬರಲಿಲ್ಲ. ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ ನೋಡಿ.

ಇದೇ ಪ್ರಶ್ನೆ ಕೇಳಿದ್ದಕ್ಕೆ ಅರವತ್ತರ ದಶಕದಲ್ಲಿ ದಾವಣಗೆರೆಯ ಎಷ್ಟೋ ಮನೆಯವರು ಶಾರದ ಚಿಗವ್ವನನ್ನು ಪಡಸಾಲೆಯಿಂದಲೇ ಹೊರಗೆ ಕಳಿಸಿದ್ದರು. ಅವ್ವನ ತಂಗಿ ಆಕೆ. ಮುಂಬಯಿಯಲ್ಲಿ ತಳಿವಿಜ್ಞಾನ ಓದಿ, ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳ ಬಗ್ಗೆ ನಮ್ಮ ಸೀಮೆಯಲ್ಲಿ ಮೊದಲು ಅಧ್ಯಯನಕ್ಕಿಳಿದವಳು. ನನಗೋ, ತಳಿ ಅಂದರೆ ಎಮ್ಮೆಯದು, ಇಲ್ಲವೇ ಹತ್ತಿಯದು!

ಆಗಲೇ ನನ್ನಕ್ಕ ಗೌರಿಯನ್ನು ಸೋದರಮಾವನಿಗೆ, ಅಂದರೆ ಚಿಗವ್ವನ ತಮ್ಮನಿಗೇ, ಕೊಡುವುದೆಂದು ಹರಿಹರದ ಅಜ್ಜಿ ಮನೆಯಲ್ಲಿ ಮಾತಾಯಿತು. ಅಜ್ಜನೂ ಅಜ್ಜಿಗೆ ಸೋದರಮಾವನೇ. ಅವರ ಹಿರಿಮಗನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಸುದ್ದಿ ತಿಳಿದ ಚಿಗವ್ವ ಓಡಿಬಂದಳು.

‘ಬ್ಯಾಡವ್ವ. ಹುಟ್ಟೋ ಕೂಸಿಗೂ ಅಣ್ಣನಂಗೆ ಆಗಬಹುದು.’

‘ಖಂಡಿತ ಆಗ್ತೈತಾ? ಲಿಂಗ ಮುಟ್ಟಿ ಹೇಳು,’ ಎಂದಳು ಅಜ್ಜಿ.

ಚಿಗವ್ವ ಕೊರಳ ಲಿಂಗ ಮುಟ್ಟಿದಳು. ‘ಖಂಡಿತ ಅನ್ನಾಕ ಬರಲ್ಲ. ಆಗದೇನೂ ಇರಬಹುದು.’

‘ಹಂಗಾದ್ರೆ ಬಾಯಿ ಮುಚ್ಚು. ಇಷ್ಟು ಹೇಳಾಕ ಅಷ್ಟು ಓದಬೇಕಿತ್ತಾ?’

ಎಲ್ಲರೂ ನಕ್ಕರು. ಅಕ್ಕ ಮಾತ್ರ ಇನ್ನೊಂದು ಮಾತಿಗೆ ಕಾದವಳಂತೆ ಚಿಗವ್ವನ ಮುಖವನ್ನೇ ನೋಡುತ್ತಿದ್ದಳು. ಮದುವೆ ಆಯಿತು.

ಹುಟ್ಟಿದ ಗಂಡುಕೂಸು ಚೆಲುವಾಗಿತ್ತು. ಅದು ಅಂಬೆಗಾಲಿಡುವ ಹೊತ್ತಿಗೆ ಚಿಗವ್ವ ಬಂದು, ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಕೂಸು ತಿರುಗಲಿಲ್ಲ. ಇನ್ನೊಮ್ಮೆ ತಟ್ಟಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ಕೆಳಗೆ ಕೂತಳು. ಅಜ್ಜಿ ಎದ್ದು ಒಳಗೆ ಹೋದಳು.

‘ಖಂಡಿತ ಅಂದಿದ್ರೆ ನಾನು ಒಲ್ಲೆ ಅಂತಿದ್ದೆ,’ ಎಂದಳು ಅಕ್ಕ.

‘ಅದು ಸುಳ್ಳಾಗ್ತಿತ್ತು ಗೌರಿ.’

‘ನನ್ನ ಸಲುವಾಗಿ ಒಂದು ಸುಳ್ಳು ಹೇಳಾಕ ಆಗಲಿಲ್ಲಲ್ಲ ನಿನಗೆ?’

ಆಮೇಲೂ ಚಿಗವ್ವ ಮನೆಮನೆ ಅಲೆದಳು. ‘ಆಗಬಹುದು’ ಎಂದಳೇ ಹೊರತು ‘ಆಗೇ ಆಗುತ್ತದೆ’ ಎಂದು ಯಾರಿಗೂ ಹೇಳಲಿಲ್ಲ. ಕೆಲವರು ಕೇಳಿದರು, ಮಕ್ಕಳನ್ನು ಹೊರಗಿನ ಸಂಬಂಧಕ್ಕೆ ಕೊಟ್ಟರು. ಮುಂಬಯಿಯಿಂದ ಬಂದಾಗಲೆಲ್ಲ ಹರಿಹರಕ್ಕೂ ಬರುತ್ತಿದ್ದಳು. ಹುಡುಗನ ಕೈಗೆ ಬಣ್ಣದ ಪೆನ್ಸಿಲ್ಲು ಕೊಟ್ಟು, ಹೊಸ್ತಿಲಿಂದಲೇ ಹೊರಟುಹೋಗುತ್ತಿದ್ದಳು. ಅಕ್ಕ ಎದುರು ಬರುತ್ತಿರಲಿಲ್ಲ. ಚಿಗವ್ವ ಮುಂಬಯಿಯಲ್ಲಿ ತೀರಿಕೊಂಡಾಗಲೂ ನಮ್ಮಿಂದ ಯಾರೂ ಹೋಗಲಿಲ್ಲ.

ದವಾಖಾನೆಯಿಂದ ನೆಟ್ಟಗೆ ಅಕ್ಕನ ಮನೆಗೆ ಹೋಗಿ ನರ್ಸಿನ ಮಾತು ಹೇಳಿದೆ. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಎತ್ತದೇ ಇದ್ದ ವಿಷಯ.

‘ಪಾಪ, ಅಷ್ಟು ದೂರದಿಂದ ಬರೋಳು,’ ಎಂದಳು ಅಕ್ಕ. ‘ಒಂದ್ ಸಲನಾರ ಒಳಗೆ ಬಾ, ಕೂಡು ಅನ್ನಲಿಲ್ಲ ನಾನು.’