ತಲೆ ವಾಲದಂತೆ ಕಟ್ಟಿದ ಬಟ್ಟೆ

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ನಾನು. ಅಂಥವಳು ಬಂದು ಕೂತದ್ದು ಸಿಂಗಸಂದ್ರದ ಈ ಕಚೇರಿಯಲ್ಲಿ. ಸೋಷಿಯಲ್ ಮೀಡಿಯಾ ಕಂಪನಿಗಳು ತಮ್ಮ ಪೋಸ್ಟು ಅಳಿಸಿದವೆಂದು ಜನ ಇಲ್ಲಿಗೆ ತಕರಾರು ಕಳಿಸುತ್ತಾರೆ. ಯಾವ ಕಂಪನಿಗೂ ಸೇರದ ನಾವು, ಅಳಿಸಿದ್ದು ಸರಿಯೋ ತಪ್ಪೋ ಹೇಳಬೇಕು.

ಅವತ್ತು ಬಂದದ್ದು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ದುಡಿಯುವ ಒಬ್ಬಾಕೆಯ ತಕರಾರು. ತೀರಿಹೋದ ಅಪ್ಪನನ್ನು ಕೂರಿಸಿ, ವಿಭೂತಿ ಬಳಿದು, ಹೂವು ಹಾಕಿ, ತಲೆಯನ್ನು ಬಿಳಿ ಬಟ್ಟೆಯಿಂದ ಕಿಟಕಿಯ ಸರಳಿಗೆ ಕಟ್ಟಿದ್ದ ಫೋಟೊ. ಮಣ್ಣಿಗೆ ಬರಲಾಗದ ತಮ್ಮ ನೋಡಲೆಂದು ಹಾಕಿದ್ದಳಂತೆ. ‘ಮನುಷ್ಯನನ್ನು ಕಟ್ಟಿಹಾಕಿ ಹಿಂಸೆ’ ಎಂದು ಕಂಪನಿ ಅದನ್ನು ತೆಗೆದಿತ್ತು. ಆಕೆಯ ಹಳೆಯ ಫೋನು ನೀರಿಗೆ ಬಿದ್ದು, ಬೇರೆ ಪ್ರತಿಯೇ ಇರಲಿಲ್ಲ. ಸಂಜೆಯೊಳಗೆ ನಾವು ತೀರ್ಮಾನ ಹೇಳದಿದ್ದರೆ ಕಂಪನಿಯ ಬಳಿಯಿದ್ದದ್ದೂ ಅಳಿದುಹೋಗುತ್ತಿತ್ತು.

ಅಳಿಸಿದ ತಾರೀಖು ನೋಡಿದೆ. ಇಲ್ಲಿಗೆ ಬರುವ ಮೊದಲು, ಆಗ ಅದೇ ಕಂಪನಿಗೆ ಕನ್ನಡದ ಪೋಸ್ಟುಗಳನ್ನು ನೋಡಿ ಅಳಿಸುತ್ತಿದ್ದವಳು ನಾನೊಬ್ಬಳೇ. ಕೂತಲ್ಲಿ ಕೂರಲಾರದೆ, ಸರಿಯಾಗಿ ನೋಡದೆಯೇ ಬಿರಬಿರನೆ ಒತ್ತಿ ಮುಗಿಸುತ್ತಿದ್ದೆ. ದಾಖಲೆಯಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಮೊದಲು ಅಳಿಸಿದವರೇ ಮತ್ತೆ ತೀರ್ಪಿಗೆ ಕೂರಬಾರದು, ಅದು ನಮ್ಮ ನಿಯಮ. ಬಾಯಿ ಮುಚ್ಚಿಕೊಂಡು ‘ಮರಳಿಸಿ’ ಎಂದು ಒತ್ತಿದ್ದರೆ ಅರೆನಿಮಿಷದ ಕೆಲಸ. ನೀರು ಕುಡಿದೆ. ಮೆಟ್ಟಿಲಿಳಿದೆ, ಹತ್ತಿದೆ, ಮತ್ತೆ ನೀರು ಕುಡಿದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡು ಹೋಗಿ ನಮ್ಮ ಮುಖ್ಯಸ್ಥರಿಗೆ ಎಲ್ಲ ಹೇಳಿಬಿಟ್ಟೆ.

“ಹಂಗಾದ್ರೆ ಇದ್ರಲ್ಲಿ ನೀವು ಬಾಯಿ ಹಾಕ್ಬೇಡಿ, ನಾನೇ ನೋಡ್ತೀನಿ,” ಎಂದರು. ಫೋಟೊ ನೋಡಿ ಮುಖ ಕಿವುಚಿದರು. ಅವರ ಕಡೆ ಈ ಪದ್ಧತಿಯಿಲ್ಲ. ಹೇಳೋಣವೆಂದರೆ ನಾನು ಹೇಳುವಂತಿಲ್ಲ. ಆಗಲೇ ಐದು ಗಂಟೆ. ಕೂರಲಾರದೆ ನಿಂತೇ ಇದ್ದೆ. ಕೊನೆಗೆ ಅವರು ಆಕೆಗೇ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಯಾಕಮ್ಮಾ ಹಿಂಗೆ ಕಟ್ಟಿದೀರಾ?”

“ಮಣ್ಣು ಮಾಡೂತನಕ ಕೂಡಸ್ತೀವ್ರಿ ಸರ. ತಲಿ ವಾಲ್ತದ, ಅದಕ್ಕ ಕಟ್ಟೀವಿ.”

ಅಷ್ಟೇ. ಅವರು ‘ಮರಳಿಸಿ’ ಎಂದು ಬರೆದು ಕಳಿಸಿ, “ಫೋಟೊ ವಾಪಸ್ ಬರುತ್ತಮ್ಮ,” ಎಂದರು. ಆಕೆ ಬಿಕ್ಕಿದಳು. ಬಿಕ್ಕುತ್ತಲೇ, “ಅಳಿಸಿದವ್ರಿಗೆ ಬೈಬ್ಯಾಡ್ರಿ ಸರ. ನಮ್ಮ ಕಡೆಯವ್ರಿರಲಿಕ್ಕಿಲ್ಲ. ಪಾಪ, ಅವ್ರಿಗೆ ಹ್ಯಾಂಗ ಗೊತ್ತಾಗಬೇಕು?” ಎಂದಳು.

ನನಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಗ್ಗಿದೆ.

“ಗೊತ್ತಿತ್ರೀ ಅಕ್ಕ. ನಮ್ಮಜ್ಜಗ ಬಟ್ಟಿ ಕಟ್ಟೂವಾಗ ತಲಿ ಹಿಡಕೊಂಡು ನಿಂತಾಕಿ ನಾನ. ನಿಮ್ಮಪ್ಪನ ಫೋಟೊ ಅಳಿಸಿದಾಕಿನೂ ನಾನ.”