ಗೇಟು ನೋಡಿದವಳು

ಶೋಭಾ, ಆ ದಿನ ಸೋಲಾಪುರದ ಸ್ಪರ್ಧೆಯಲ್ಲಿ ಜಡ್ಜ್‌ಗಳ ಮುಂದೆ ನೀನು ಹೇಳಿದ ಮಾತನ್ನು ನಾನು ಹೇಳಲಿಲ್ಲ. ನಿನ್ನ ಯೋಚನೆಯನ್ನು ನನ್ನದು ಎಂದೆ. ಇವತ್ತಿನವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ — ಹೇಳಬೇಕೆಂದು ನಿನ್ನ ಮನೆಯ ಕಡೆ ಬಂದು, ದಾರಿಯಲ್ಲೇ ತಿರುಗಿ ಹೋದದ್ದು ಮಾತ್ರ ಬಹಳ ಸಲ.

ನಿನಗೆ ಎಲ್ಲ ನೆನಪಿರಬಹುದು. ಆದರೂ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಡುವಿನದು ನಿನಗೆ ಗೊತ್ತಿಲ್ಲ.

ನಾವು ಅಕ್ಕಲಕೋಟೆಯ ಕನ್ನಡ ಶಾಲೆಯ ಹತ್ತನೆಯ ತರಗತಿಯವರು. ರೋಬೋಟಿಕ್ಸ್ ತಂಡ ಎಂಬುದು ಶಾಲೆಗೆ ಬಂದದ್ದೇ ಆ ವರ್ಷ. ನಿನ್ನ ಅಪ್ಪ ರೈಲ್ವೆ ಗೇಟ್‌ಮನ್. ಇಂಡಿ ಕಡೆಯಿಂದ ಬದಲಿಯಾಗಿ ಬಂದು ವರ್ಷ ತುಂಬಿರಲಿಲ್ಲ, ನಿನಗೆ ಮರಾಠಿ ಇನ್ನೂ ಒಂದಕ್ಷರ ಹತ್ತಿರಲಿಲ್ಲ. ನಮ್ಮ ರೋಬೋಟ್ ಮರದ ತುಂಡುಗಳನ್ನು ಎತ್ತಿ ಮೇಲಿನ ಹಲಗೆಗೆ ಇಡಬೇಕು. ಅದರ ಕೈ ಅರ್ಧಕ್ಕೆ ಏರಿ, ಗಡಗಡ ನಡುಗಿ, ಧೊಪ್ಪನೆ ಬೀಳುತ್ತಿತ್ತು. ದೊಡ್ಡ ಮೋಟಾರು ಹಾಕಲು ಸ್ಪರ್ಧೆಯ ನಿಯಮ ಬಿಡುತ್ತಿರಲಿಲ್ಲ. ಉಳಿದವರೆಲ್ಲ ಬೇಸತ್ತು ಮನೆಗೆ ಹೋದ ಒಂದು ಸಂಜೆ ನೀನು ಬಟ್ಟೆಯ ಚೀಲಕ್ಕೆ ನಟ್ಟುಗಳನ್ನು ತುಂಬಿ ಆ ಕೈಯ ಹಿಂದಿನ ತುದಿಗೆ ಕಟ್ಟಿದೆ. ಕೈ ಎದ್ದಿತು. ಮರುದಿನ ಪಾಟೀಲ ಸರ್ ಕೇಳಿದಾಗ ನಾನು “ಇಬ್ಬರೂ ಸೇರಿ ಮಾಡೀವ್ರಿ” ಎಂದೆ. ನೀನು ನಕ್ಕುಬಿಟ್ಟೆ. ಅಲ್ಲಿಂದಲೇ ಶುರುವಾಯಿತೇನೋ.

ನಮ್ಮದೊಂದು ಪದ್ಧತಿಯಿತ್ತು. ಕೆಲಸವೆಲ್ಲ ಕನ್ನಡದಲ್ಲಿ; ಸೋಲಾಪುರದ ಜಡ್ಜ್‌ಗಳಿಗೆ ಮಾತ್ರ ಮರಾಠಿ ಬೇಕು. ಅದಕ್ಕೆ ಮಾಡಿದವರು ಕನ್ನಡದಲ್ಲಿ ಹೇಳುವುದು, ಅದನ್ನು ನಾನು ಮರಾಠಿಯಲ್ಲಿ ಒಪ್ಪಿಸುವುದು. ಚಿಕ್ಕಂದಿನಲ್ಲಿ ಸೋಲಾಪುರದ ಅತ್ತೆಯ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ಕಲಿತವನಲ್ಲವೇ, ತಂಡಕ್ಕೆ ನಾನೇ ಬಾಯಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ — ನಮ್ಮಲ್ಲಿ ಕೈ ನಿನ್ನದು, ಬಾಯಿ ನನ್ನದು.

ಜಡ್ಜ್‌ಗಳ ಕೋಣೆಯೊಳಗೆ ನಮ್ಮಿಬ್ಬರನ್ನೇ ಬಿಟ್ಟರು. ಅವರಲ್ಲಿದ್ದ ಒಬ್ಬ ಹೆಂಗಸು ಚೀಲವನ್ನು ಮುಟ್ಟಿ ನೋಡಿದರು. ಇದು ಯಾರಿಗೆ ಹೊಳೆದದ್ದು ಎಂದು ಕೇಳಿದರು. ನಾನು ನಿನಗೆ ಕನ್ನಡದಲ್ಲಿ ಹೇಳಿದೆ, ನಿನ್ನ ಮುಖ ಅರಳಿತು.

“ನಮ್ಮಪ್ಪ ಗೇಟ್ ಎತ್ತೂದು ನೋಡಿ ನಾ ಮಾಡೀನ್ರಿ. ಹಿಂದ ವಜ್ಜ ಇದ್ರ ಮುಂದಿಂದು ಹಗೂರ ಏಳ್ತೈತಿ.”

ಅವರು ನನ್ನ ಕಡೆ ತಿರುಗಿದರು. ನಾನು ಮರಾಠಿಯಲ್ಲಿ, ಸ್ವಲ್ಪವೂ ತಡವರಿಸದೆ, ಶಾಲೆಗೆ ಬರುವಾಗ ದಿನಾ ರೈಲ್ವೆ ಗೇಟು ನೋಡುತ್ತಿದ್ದೆ, ಅದನ್ನು ನೋಡಿಯೇ ನನಗೆ ಹೊಳೆಯಿತು ಎಂದೆ. ಹಾಗಾದರೆ ಈ ಹುಡುಗಿ ಏನು ಹೇಳಿದಳು ಎಂದು ಕೇಳಿದರು. ಚೀಲ ಹೊಲಿದುಕೊಟ್ಟವಳು ತಾನು ಅನ್ನುತ್ತಿದ್ದಾಳೆ ಎಂದೆ. ಅವರು ನನ್ನ ಬೆನ್ನು ತಟ್ಟಿದರು. ನಿನ್ನನ್ನು ನೋಡಿ ನಕ್ಕರು. ನೀನೂ ನಕ್ಕೆ.

ಹೆದರಿ ಅಂದೆನೇ? ಇಲ್ಲ. ಬಾಯಿತಪ್ಪಿ ಅಂದೆನೇ? ಅದೂ ಇಲ್ಲ. ಆ ಮೆಚ್ಚುಗೆ ನನಗೆ ಬೇಕಾಗಿತ್ತು, ತೆಗೆದುಕೊಂಡೆ.

ಎಸ್‌ಟಿ ಬಸ್ಸಿನಲ್ಲಿ ವಾಪಸು ಬರುವಾಗ ನೀನು ಶೇಂಗಾ ಹೋಳಿಗೆ ಮುರಿದು ನನಗೆ ಅರ್ಧ ಕೊಟ್ಟೆ. “ಏನ್ ಹೇಳಿದಿ ಮಲ್ಲು, ನನ್ನ ಬಗ್ಗೆ?” ಎಂದು ಕೇಳಿದೆ. “ನೀ ಹೇಳಿದ್ದ ಹೇಳಿದೆ” ಎಂದೆ ನಾನು. ಹೋಳಿಗೆಯನ್ನೂ ತಿಂದೆ, ನಾಚಿಕೆಗೆಟ್ಟವನು.

ನಾವು ಆರಿಸಿ ಬಂದೆವು. ಪುಣೆಯ ಸುತ್ತಿಗೆ ಐವರಲ್ಲಿ ನಾಲ್ವರಿಗೇ ಜಾಗ. ಜಡ್ಜ್‌ಗಳಿಂದ ಎಲ್ಲ ಕೇಳಿಕೊಂಡಿದ್ದ ಸರ್, ಚೀಲ ಹೊಲಿದವಳನ್ನು ಬಿಟ್ಟರಾಯಿತು ಎಂದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ — ಉಗುಳಿದರೆ ನಾನೂ ತಂಡದಿಂದ ಹೊರಗೆ, ನುಂಗಿದರೆ... ನುಂಗಿದೆ. ಯಾಕೆ ಬಿಟ್ಟರು ಎಂಬುದಕ್ಕೆ ಕಾರಣವನ್ನು ನೀನೇ ಹುಡುಕಿಕೊಂಡೆ. ಮರಾಠಿ ಬರುವುದಿಲ್ಲವಲ್ಲ, ಅದಕ್ಕೇ ಎಂದೆ. ನಾನು ಹೂಂ ಎಂದೆ.

ಅಷ್ಟಾದ ಮೇಲೂ, ತುಂಡುಗಳ ಭಾರ ಬದಲಾದರೆ ಚೀಲವನ್ನು ಎತ್ತ ಸರಿಸಬೇಕೆಂದು ಕೇಳಲು ನಾನು ಗೇಟಿನ ಬಳಿಯ ನಿನ್ನ ಮನೆಗೆ ಬಂದೆ. ಬೇರೆ ಯಾರನ್ನು ಕೇಳಲಿ? ನನ್ನದೆಂದು ಹೇಳಿಕೊಂಡ ವಿದ್ಯೆ ನನಗೇ ಗೊತ್ತಿರಲಿಲ್ಲ. ನೀನು ಕೂರಿಸಿ, ಚಹಾ ಕೊಟ್ಟು ಕಲಿಸಿದೆ. “ನೀ ಹೋಗು, ನಾನೂ ಹೋದಂಗ ಆತು” ಎಂದೆ. ನಾವು ಪುಣೆಯಿಂದ ಬಹುಮಾನ ತಂದೆವು. ಮುಂದಿನ ವರ್ಷ ನೀನು ಸಾಯನ್ಸ್ ತೆಗೆದುಕೊಳ್ಳಲಿಲ್ಲ. ಮಾತಾಡಲು ಬಾರದವರಿಗೆ ಅದು ಯಾಕೆ ಎಂದೆಯಂತೆ. ಆ ಮಾತು ನನಗೆ ಯಾರದೋ ಬಾಯಿಂದ ತಿಳಿಯಿತು. ಆಗಲೂ ನಾನು ಬರಲಿಲ್ಲ.

ಈಗ ಅದೇ ಶಾಲೆಯಲ್ಲಿ ರೋಬೋಟಿಕ್ಸ್ ಕಲಿಸುತ್ತೇನೆ. ಕೆಲಸ ಸಿಕ್ಕಿದ್ದೂ ಆ ಬಹುಮಾನದಿಂದಲೇ. ಹುಡುಗರು ನನ್ನನ್ನು ಗೇಟ್ ಸರ್ ಅನ್ನುತ್ತಾರೆ. ಪ್ರತಿ ವರ್ಷ ತಯಾರಿ ಶುರುವಾಗುವ ದಿನ ಪಾಟೀಲ ಸರ್ — ಈಗ ಹೆಡ್‌ಮಾಸ್ತರು — ಗೇಟಿನ ಕಥೆ ಹೇಳುತ್ತಾರೆ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಬೇಕು. ಬಿಟ್ಟು ಹೋಗೋಣವೆಂದರೆ ಕಾರಣ ಹೇಳಬೇಕು. ಇದ್ದರೆ ಮತ್ತೆ ಅದೇ ಕಥೆ. ನಾನೇ ನೇಯ್ದ ಬಲೆ, ಯಾರನ್ನು ಬಯ್ಯಲಿ?

ಈ ಸಲ ತಂಡಕ್ಕೆ ಕಾವೇರಿ ಬಂದಳು, ಆಗಿನ್ನೂ ಎಳೆಯ ಮಗುವಾಗಿದ್ದ ನಿನ್ನ ತಂಗಿ. ಇವತ್ತು ಸರ್ ಕಥೆ ಮುಗಿಸುತ್ತಲೇ ಹಿಂದಿನ ಬೆಂಚಿನಿಂದ ಎದ್ದಳು.

“ಸರ್, ಅದು ನಮ್ಮಕ್ಕ ಮಾಡಿದ್ದರಿ. ನಮ್ಮಪ್ಪನ ಗೇಟ್ ನೋಡಿ.”

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಸರ್ ಅವಳ ಹತ್ತಿರ ಹೋಗಿ ಮೆತ್ತಗೆ, ಸಿಟ್ಟಿಲ್ಲದೆ ಹೇಳಿದರು: “ಮನಿ ಮಂದೀನ ದೊಡ್ಡವ್ರು ಮಾಡಾಕ ಹಿಂಗ ಸುಳ್ಳ ಹೇಳಬಾರದವ್ವ.” ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಶೋಭಾ, ಇದನ್ನೂ ನಿನಗೆ ಹೇಳಲೇಬೇಕು — ಆಗಲೂ ತಕ್ಷಣ ನನ್ನ ಬಾಯಿ ತೆರೆಯಲಿಲ್ಲ. ಹುಡುಗಿ ಕೂತಳು, ತಲೆ ತಗ್ಗಿಸಿದಳು, ಪಕ್ಕದವಳು ಅವಳಿಂದ ಸ್ವಲ್ಪ ದೂರ ಸರಿದಳು. ಅದನ್ನು ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ.

“ಆಕಿ ಸುಳ್ಳ ಹೇಳಿಲ್ರಿ ಸರ್. ಸುಳ್ಳ ಹೇಳಿದಾಂವ ನಾನು.”

ಉಳಿದದ್ದನ್ನು ಎಲ್ಲರೆದುರೇ ಹೇಳಿದೆ. ಸರ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನನ್ನ ಕೆಲಸ ಉಳಿಯುವುದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಕಾವೇರಿ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಪುಸ್ತಕದ ಚೀಲ ಹೆಗಲಿಗೇರಿಸಿ, ನನ್ನ ಮುಂದಿನಿಂದಲೇ ಹೊರಗೆ ನಡೆದಳು.

ನಾನು ಈಗ ನಿಮ್ಮ ಮನೆಗೆ ಹೊರಟಿದ್ದೇನೆ. ಏನು ಹೇಳಬೇಕೆಂದು ಬರೆದುಕೊಳ್ಳಲು ಕೂತವನು ಇಷ್ಟೆಲ್ಲ ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬೈದರೆ ನಿಂತು ಕೇಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಕಾವೇರಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತಾಳೆ. ನಾನು ಇಷ್ಟು ವರ್ಷ ಹೇಳದ್ದನ್ನು ಅವಳು ಇಷ್ಟೊತ್ತಿಗೆ ಹೇಳಿರುತ್ತಾಳೆ — ಇದ್ದದ್ದನ್ನು ಇದ್ದ ಹಾಗೆ.